ಎರಿ ಮುಳುಗಿತು, ಮಡ್ಡಿ ಉಳಿಯಿತು

ಕಳೆದ ಜನವರಿಯಲ್ಲಿ ಉಡುಪಿ ಕಡೆಯ ಗೆಳತಿಯೊಬ್ಬಳು ನಮ್ಮ ಭಾಗಕ್ಕೆ ಬಂದಿದ್ದಳು. ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದ ಕಡೆ ಕರೆದುಕೊಂಡು ಹೋದೆ. ಘಟಪ್ರಭೆ ಕೃಷ್ಣೆಯನ್ನು ಕೂಡುವ ಜಾಗ ಅದು. ಈಗ ಅಲ್ಲಿ ಎರಡು ನದಿಗಳು ಬೇರೆಬೇರೆಯಾಗಿ ಕಾಣುವುದಿಲ್ಲ. ಕಣ್ಣು ಹಾಯುವವರೆಗೆ ಒಂದೇ ನೀರು. ದಂಡೆಗೆ ಸಣ್ಣ ತೆರೆ ಬಡಿಯುತ್ತಿತ್ತು, ದೂರದ ತೆಳುನೀರಿನಲ್ಲಿ ರಾಜಹಂಸಗಳು ಸಾಲಾಗಿ ನಿಂತಿದ್ದವು. ಅವಳು ಸುಮಾರು ಹೊತ್ತು ಸುಮ್ಮನಿದ್ದು, "ನಮ್ಮ ಕಡಲಿಗಿಂತ ಇದೇ ಶಾಂತ ಉಂಟು ಮಾರಾಯ್ತಿ" ಎಂದಳು. ಹಿಂದಿರುಗುವಾಗ ಯಡಹಳ್ಳಿಯ ಕುರುಚಲು ಗುಡ್ಡಗಳನ್ನು ತೋರಿಸಿ ಅದು ಚಿಂಕಾರ ವನ್ಯಜೀವಿಧಾಮ ಎಂದೆ. ಒಂದು ಕಡೆ ನೀರು, ಇನ್ನೊಂದು ಕಡೆ ರಕ್ಷಿತ ಅರಣ್ಯ, ನಡುವೆ ನಿಮ್ಮ ಊರುಗಳು, ಎಂಥ ಪುಣ್ಯ ಎಂದು ಅವಳ ಮಾತು.

ನಾನು ಮರುನುಡಿಯಲಿಲ್ಲ. ಆದರೆ ಆ 'ಶಾಂತ' ಎಂಬ ಪದ ತಲೆಯಲ್ಲಿ ಉಳಿದುಕೊಂಡಿತು. ನಮ್ಮಲ್ಲಿ ಯಾರೂ ಈ ನೀರನ್ನು ಶಾಂತ ಎಂದದ್ದು ನಾನು ಕೇಳಿಲ್ಲ. ನಮ್ಮಲ್ಲಿ ಅದಕ್ಕಿರುವ ಪದ ಒಂದೇ: ಮುಳುಗಡೆ. ಮದುವೆ, ಹೆರಿಗೆ, ಸಾವು ಎಲ್ಲಕ್ಕೂ ಅದೇ ಕಾಲಗಣನೆ. "ಮುಳುಗಡಿ ಆಗೂಕಿಂತ ಮೊದ್ಲ", "ಮುಳುಗಡಿ ಆದ ಮ್ಯಾಲ". ಹಳ್ಳಿಗಳಲ್ಲಿ ಸಂದರ್ಶನಕ್ಕೆ ಕೂತಾಗ ಇಸವಿ ಕೇಳುವುದನ್ನು ನಾನು ಬಿಟ್ಟೇ ಬಿಟ್ಟಿದ್ದೇನೆ.

ಈ ದಂಡೆಗೆ ವಯಸ್ಸು ಕಡಿಮೆ. ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದು 1964ರ ಮೇ 22ರಂದು, ಲಾಲ್ ಬಹಾದ್ದೂರ್ ಶಾಸ್ತ್ರಿಯವರಿಂದ. ಅದಾಗಿ ಐದೇ ದಿನಕ್ಕೆ ನೆಹರೂ ತೀರಿಕೊಂಡರು, ಮುಂದಿನ ತಿಂಗಳು ಶಾಸ್ತ್ರಿಯವರು ಪ್ರಧಾನಿಯಾದರು. ಆ ಕಲ್ಲು ಅಣೆಕಟ್ಟೆಯಾಗಲು ಹಿಡಿದ ಕಾಲದಲ್ಲಿ ಎರಡು ತಲೆಮಾರು ಬೆಳೆದು ನಿಂತವು. ಎತ್ತರದ ಬಗ್ಗೆ ಆಂಧ್ರದೊಂದಿಗೆ ನಡೆದ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 2000ದ ಏಪ್ರಿಲ್‌ನಲ್ಲಿ 519.60 ಮೀಟರ್‌ವರೆಗೆ ನೀರು ನಿಲ್ಲಿಸಲು ಕೋರ್ಟು ಒಪ್ಪಿತು. 2006ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಜಲಾಶಯವನ್ನು ನಾಡಿಗೆ ಅರ್ಪಿಸಿದರು. ಆ ಮಟ್ಟದಲ್ಲಿ ಅದರ ಸಾಮರ್ಥ್ಯ ಸುಮಾರು 123 ಟಿಎಂಸಿ. ಅಂದರೆ ನನ್ನ ಗೆಳತಿ ಕಂಡ 'ಕಡಲು' ನನಗಿಂತ ಚಿಕ್ಕದು. ನಾನು ಹುಟ್ಟಿದಾಗ ಅಲ್ಲಿ ಜೋಳ, ಕುಸುಬಿ ಬೆಳೆಯುತ್ತಿದ್ದವು.

ಇಲ್ಲಿ ಮಣ್ಣಿನ ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆ ನೆಲ ಎರಡು ಥರ. ನದಿ ಮಗ್ಗುಲಿನ ಕಪ್ಪು ಮಣ್ಣು ಎರಿ. ಒಂದು ಹದ ಮಳೆ ಬಿದ್ದರೆ ಹಿಂಗಾರಿ ಬಿಳಿಜೋಳ ತಾನಾಗಿ ಬರುವಂಥದ್ದು. ಅದರಿಂದ ಮೇಲೆ ಏರಿದರೆ ಕಲ್ಲು, ಗರಸು, ಜಾಲಿಯ ಮಡ್ಡಿ. ಊರುಗಳಿದ್ದದ್ದು ಎರಿಯ ಅಂಚಿಗೆ. ಮಡ್ಡಿ ಕುರಿಗೆ, ಕಟ್ಟಿಗೆಗೆ, ಹೆಣ ಸುಡುವುದಕ್ಕೆ ಮತ್ತು ತೋಳಕ್ಕೆ. ಹೆಣ್ಣು ಕೊಡುವಾಗ "ಎರಿ ಎಷ್ಟೈತಿ?" ಎಂದು ಕೇಳುತ್ತಿದ್ದರೇ ಹೊರತು ಮಡ್ಡಿಯ ಲೆಕ್ಕ ಯಾರೂ ಹಿಡಿಯುತ್ತಿರಲಿಲ್ಲ. ಅಣೆಕಟ್ಟೆಯ ನೀರು ಬಂದು ಮೊದಲು ನುಂಗಿದ್ದು ಎರಿಯನ್ನು. ಪುನರ್ವಸತಿ ಕೇಂದ್ರಗಳು ಎದ್ದದ್ದು ಎತ್ತರದ ನೆಲದ ಮೇಲೆ. ನೂರಾರು ವರ್ಷ ಎರಿಯಲ್ಲಿ ಉತ್ತವರು ಅಳತೆಯ ಪ್ಲಾಟುಗಳಲ್ಲಿ, ಅಳತೆಯ ರಸ್ತೆಗಳ ಬದಿಯಲ್ಲಿ ಮನೆ ಕಟ್ಟಿಕೊಂಡರು. ಹಳೆಯ ಬಾಗಲಕೋಟೆ ಪೇಟೆಯ ದೊಡ್ಡ ಭಾಗವೂ ಹೀಗೆಯೇ ನವನಗರಕ್ಕೆ ಏರಿತು. ಬಾಗಲಕೋಟೆಯ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಪೇಟೆಯವರಿಗೆ ಬರೆಯಲು ಬರುತ್ತದೆ. ಹಳ್ಳಿಗಳ ಮುಳುಗಡೆ ಹೆಚ್ಚಾಗಿ ಪರಿಹಾರದ ಕಡತಗಳಲ್ಲಿ ಸರ್ವೆ ನಂಬರುಗಳಾಗಿ ಉಳಿದಿದೆ.

ಇನ್ನು ಮಡ್ಡಿಯ ಕಥೆ. ಅದರ ಹಳೆಯ ಯಜಮಾನ ಚಿಂಕಾರ. ನಮ್ಮವರು ಚಿಗರಿ ಎಂದುಬಿಡುತ್ತಾರೆ, ಕೃಷ್ಣಮೃಗಕ್ಕೂ ಅದೇ ಹೆಸರು. ಮೈ ಕಂದು, ಕಾಲು ಸಣ್ಣ, ಹೆಣ್ಣಿಗೂ ಚಿಕ್ಕ ಕೊಂಬು. ನಿಂತ ನೀರು ಸಿಗದೆಯೂ ಎಲೆ, ಇಬ್ಬನಿಯಿಂದ ದಿನಗಟ್ಟಲೆ ನಡೆಸಬಲ್ಲ ಪ್ರಾಣಿ. ಇಷ್ಟು ಒಣಗಿಗೆ ಒಗ್ಗಿದ ಪ್ರಾಣಿಯ ಮಗ್ಗುಲಿಗೇ ನಾವು ಸಮುದ್ರ ತಂದು ನಿಲ್ಲಿಸಿದ್ದೇವೆ.

ಚಿಂಕಾರ ಮತ್ತು ಮುಧೋಳವನ್ನು ಒಟ್ಟಿಗೆ ಯೋಚಿಸಿದರೆ ಇತಿಹಾಸ ಕೊಂಚ ಕಸಿವಿಸಿ ಮಾಡುತ್ತದೆ. ಮುಧೋಳ ಎಂದೊಡನೆ ನೆನಪಾಗುವುದು ನಾಯಿ. ಉದ್ದ ಕಾಲು, ಬಳುಕುವ ಸೊಂಟ, ವಾಸನೆಗಿಂತ ಕಣ್ಣನ್ನೇ ನಂಬಿ ಬೆನ್ನಟ್ಟುವ ಬೇಟೆ ನಾಯಿ. ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಆಸ್ಥೆಯಿಂದ ಬೆಳೆಸಿದರು, ಐದನೇ ಜಾರ್ಜ್ ದೊರೆಗೆ ಮರಿಗಳನ್ನು ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಇದರ ಚೀಟಿ ತಂದಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಸಂಶೋಧನಾ ಕೇಂದ್ರವಿದೆ. ಇಷ್ಟೆಲ್ಲ ಹೆಮ್ಮೆಯಿಂದ ಹೇಳುವ ನಾವು ಒಂದು ಪ್ರಶ್ನೆ ಕೇಳಿಕೊಳ್ಳುವುದಿಲ್ಲ: ಕಣ್ಣಿನಿಂದ ಬೇಟೆಯಾಡುವ ನಾಯಿ ಹುಟ್ಟಬೇಕಾದರೆ ಬಯಲು ಬೇಕು, ಬಯಲಿನಲ್ಲಿ ಅದನ್ನು ಓಡಿಸುವಷ್ಟು ವೇಗದ ಪ್ರಾಣಿ ಬೇಕು. ಆ ನಾಯಿಯ ಕಾಲನ್ನು ರೂಪಿಸಿದ್ದು ಈ ಮಡ್ಡಿ, ಈ ಮಡ್ಡಿಯ ಮೊಲ ಮತ್ತು ಚಿಗರಿ. ಬೇಟೆಗಾರನಿಗೆ ಅಂಚೆಚೀಟಿ ಸಿಕ್ಕ ಮೇಲೆ ಬೇಟೆಗೆ ಗಡಿ ಹಾಕಿದ ಅರಣ್ಯ ಸಿಕ್ಕಲು ಇನ್ನೂ ಹತ್ತು ವರ್ಷ ಹಿಡಿಯಿತು.

1884ರಲ್ಲಿ ಬಂದ ಬಾಂಬೆ ಗೆಝೆಟಿಯರಿನ ಬಿಜಾಪುರ ಸಂಪುಟದಲ್ಲಿ ಕಾಡುಪ್ರಾಣಿಗಳು ಬರುವುದು 'ಉತ್ಪನ್ನ' ಎಂಬ ಅಧ್ಯಾಯದಲ್ಲಿ. ಕಲ್ಲು, ಗಿಡ, ಎಮ್ಮೆ, ಎತ್ತು, ಆಮೇಲೆ ಕಾಡುಮೃಗ. ಆಗ ಬೀಳಗಿ ಇಂಗ್ಲಿಷರದು, ಮುಧೋಳ ಘೋರ್ಪಡೆಯವರದು, ಜಮಖಂಡಿ ಪಟವರ್ಧನರದು. ಚಿಗರಿ ಒಂದೇ ಓಟದಲ್ಲಿ ಬ್ರಿಟಿಷ್ ಇಂಡಿಯಾ ದಾಟಿ ಸಂಸ್ಥಾನಕ್ಕೆ ನುಗ್ಗುತ್ತಿತ್ತು. 1948ರಲ್ಲಿ ಸಂಸ್ಥಾನಗಳು ವಿಲೀನವಾದವು. 1972ರ ವನ್ಯಜೀವಿ ಕಾಯಿದೆ ಚಿಂಕಾರವನ್ನು ಮೊದಲ ಅನುಸೂಚಿಗೆ ಸೇರಿಸಿ ಬೇಟೆಯನ್ನು ಅಪರಾಧ ಮಾಡಿತು. ಯಡಹಳ್ಳಿ ವನ್ಯಜೀವಿಧಾಮವಾದದ್ದು 2010ರ ದಶಕದ ನಡುವಿನಲ್ಲಿ. ಬೀಳಗಿ, ಮುಧೋಳ ತಾಲ್ಲೂಕುಗಳ ನಡುವೆ ಸುಮಾರು 96 ಚದರ ಕಿಲೋಮೀಟರ್. ಅಲ್ಲಿ ಚಿಂಕಾರದ ಜೊತೆ ತೋಳ, ಕತ್ತೆಕಿರುಬಗಳೂ ಇವೆ.

ಇದು ಒಳ್ಳೆಯ ಕೆಲಸ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕಾಲವನ್ನು ಗಮನಿಸಿ. ಎರಿ ಕಳೆದುಕೊಂಡವರು ಮಡ್ಡಿಗೆ ಏರಿ ಹತ್ತು–ಹದಿನೈದು ವರ್ಷವಾಗುವಷ್ಟರಲ್ಲಿ ಮಡ್ಡಿಗೂ ಗಡಿ ಬಿತ್ತು. ವನ್ಯಜೀವಿಧಾಮವಾದ ಮೇಲೆ ಕುರಿ ಬಿಡಲು, ಕಟ್ಟಿಗೆ ತರಲು ಮೊದಲಿನ ಸಲಿಗೆ ಉಳಿಯುವುದಿಲ್ಲ. ಒಬ್ಬ ಕುರಿಗಾರ ಕಾಕಾ ನನಗೆ ಹೇಳಿದ್ದು: "ಯವ್ವಾ, ಕೆಳಗ ಹ್ವಾದ್ರ ನೀರು, ಮ್ಯಾಲ ಹ್ವಾದ್ರ ಬೋರ್ಡು. ಚಿಗರಿ ಮ್ಯಾಲ ನನಗೇನು ಸಿಟ್ಟಿಲ್ಲ. ಅದು ನನ್ನಂಗ ಮಡ್ಡಿ ಹಿಡದೈತಿ." ಪ್ರಬಂಧದ ಅಧ್ಯಾಯಕ್ಕೆ ಇದನ್ನು ಹೇಗೆ ಹಾಕುವುದೆಂದು ನನಗೆ ಇನ್ನೂ ತಿಳಿದಿಲ್ಲ. ಮಾರ್ಗದರ್ಶಕರು 'ಸಂರಕ್ಷಣೆ ಮತ್ತು ಜೀವನೋಪಾಯ' ಎಂಬ ಶೀರ್ಷಿಕೆ ಸೂಚಿಸಿದ್ದಾರೆ.

ನೀರು ಎಂದರೆ ಇಲ್ಲಿ ಬರೀ ಶಾಪ ಎಂದುಕೊಂಡರೂ ತಪ್ಪು. ಇದೇ ಕೃಷ್ಣೆಗೆ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ, 1989ರಲ್ಲಿ ಬ್ಯಾರೇಜ್ ಕಟ್ಟಿಕೊಂಡರು. ಹೆಸರು ಶ್ರಮಬಿಂದು ಸಾಗರ. ಮುಂದಾಳತ್ವ ವಹಿಸಿದ ಸಿದ್ದು ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು, ಜನ ಅವರನ್ನು 'ಬ್ಯಾರೇಜ್ ಸಿದ್ದು' ಎಂದೇ ಕರೆದರು. ಒಂದೇ ನದಿ, ಒಂದೇ ಜಿಲ್ಲೆ. ಒಂದು ಕಡೆ ಜನ ನೀರನ್ನು ತಾವಾಗಿ ನಿಲ್ಲಿಸಿಕೊಂಡರು, ಇನ್ನೊಂದು ಕಡೆ ನಿಂತ ನೀರು ಅವರನ್ನು ಎಬ್ಬಿಸಿತು. ಇಂದು ಜಮಖಂಡಿ, ಮುಧೋಳದ ಕಬ್ಬಿನ ಹಸಿರಿಗೆ ನದಿ ನೀರೇ ಆಧಾರ. ರಬಕವಿ–ಬನಹಟ್ಟಿಯ ಮಗ್ಗದ ಓಣಿಗಳಲ್ಲಿ ಮಾತ್ರ ಕೃಷ್ಣೆ ನೆನಪಾಗುವುದು ಮಹಾಪೂರ ಬಂದಾಗ. 2019ರ ಆಗಸ್ಟ್ ಅಲ್ಲಿ ಯಾರೂ ಮರೆತಿಲ್ಲ. ಜಮಖಂಡಿಯ ಮುತ್ತೂರು ಹಿನ್ನೀರಿನಲ್ಲಿ ನಡುಗಡ್ಡೆಯಾಗುತ್ತದೆ, ಪೂರ ಬಂದಾಗ ಅಲ್ಲಿ ಉಳಿದ ಕುಟುಂಬಗಳನ್ನು ದೋಣಿಯಲ್ಲಿ ಕರೆತರುವ ಚಿತ್ರಗಳು ಪತ್ರಿಕೆಯಲ್ಲಿ ಬರುತ್ತವೆ.

ಈಗ ಇನ್ನೊಂದು ಸಂಖ್ಯೆ: 524.256 ಮೀಟರ್. ಈ ಮೂರು ದಶಾಂಶಗಳು ಯಾಕೆಂದು ನನಗೆ ಬಹಳ ದಿನ ಹೊಳೆದಿರಲಿಲ್ಲ. ಒಮ್ಮೆ ಅಡಿಗೆ ತಿರುಗಿಸಿ ನೋಡಿದೆ, ಸರಿಯಾಗಿ 1720 ಅಡಿ. ಅಡಿ ಲೆಕ್ಕದ ದುಂಡು ಸಂಖ್ಯೆ ಮೀಟರಿನ ವೇಷ ಹಾಕಿಕೊಂಡು ಮೂರು ದಶಾಂಶದ ನಿಖರತೆ ಪಡೆದಿದೆ. ಅಷ್ಟು ಎತ್ತರಕ್ಕೆ ನೀರು ನಿಲ್ಲಿಸಲು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ಅನುಮತಿ ಕೊಟ್ಟಿತು. ಸುಪ್ರೀಂ ಕೋರ್ಟಿನಲ್ಲಿ ವ್ಯಾಜ್ಯವಿದ್ದ ಕಾರಣ ಆ ತೀರ್ಪು ಗೆಝೆಟ್‌ನಲ್ಲಿ ಪ್ರಕಟವಾಗದೆ ವರ್ಷಗಟ್ಟಲೆ ನಿಂತಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ, ಮುಳುಗಲಿರುವ 75 ಸಾವಿರಕ್ಕೂ ಹೆಚ್ಚು ಎಕರೆಗೆ ದರ ಗೊತ್ತುಮಾಡಿತು. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ್ದಕ್ಕೆ 30 ಲಕ್ಷ. ಇವತ್ತಿನ ದಂಡೆಗೂ ಆ ಗೆರೆಗೂ ನಡುವೆ ಎತ್ತರದ ಅಂತರ ಹದಿನೈದು ಅಡಿ ಚಿಲ್ಲರೆ. ಆ ಹದಿನೈದು ಅಡಿಯೊಳಗೆ ಇರುವವರು ಮನೆಗೆ ಹೊಸ ಚಾವಣಿ ಹಾಕಬೇಕೋ ಬೇಡವೋ ಎಂದು ಯೋಚಿಸುತ್ತಲೇ ಮುಪ್ಪಾಗುತ್ತಿದ್ದಾರೆ. ಗೆಳತಿ ಶಾಂತ ಎಂದದ್ದು ಬಹುಶಃ ಈ ಕಾಯುವಿಕೆಯನ್ನೇ. ಹೊರಗಿನಿಂದ ಬಂದವರಿಗೆ ಎರಡೂ ಒಂದೇ ಥರ ಕಾಣುತ್ತವೆ.

ಹೋದ ಮೇ ತಿಂಗಳಲ್ಲಿ ಮತ್ತೆ ಅದೇ ದಂಡೆಗೆ ಹೋಗಿದ್ದೆ. ನೀರು ಬಹಳ ಇಳಿದಿತ್ತು. ಕೆಸರು ಒಣಗಿ ಬಿರಿದ ನೆಲದ ಮೇಲೆ ಹಳೆಯ ಗೋಡೆಗಳ ಬುಡ, ಬಾವಿಯ ಕಟ್ಟೆ, ಎಲ್ಲಿಗೂ ಹೋಗದ ಒಂದು ರಸ್ತೆ. ಆ ಕುರಿಗಾರ ಕಾಕಾ ಮೊಮ್ಮಗನನ್ನು ಕರೆದುಕೊಂಡು ಬಂದಿದ್ದರು. ಒಂದು ಕಲ್ಲಿನ ಹೊಸ್ತಿಲಿನ ಮುಂದೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು. ಒಳಗೆ ಎಂದರೆ ಅಲ್ಲಿ ಗೋಡೆಯೂ ಇಲ್ಲ, ಮೇಲ್ಛಾವಣಿಯೂ ಇಲ್ಲ.

"ಇದು ಪಡಸಾಲಿ. ಇದು ಅಡಗಿ ಮನಿ. ಇಲ್ಲಿ ಎತ್ತು ಕಟ್ತಿದ್ವಿ."

ಹುಡುಗ ಬಿರಿದ ಮಣ್ಣಿನಿಂದ ಒಂದು ಕಪ್ಪೆಚಿಪ್ಪು ಹೆಕ್ಕಿ ಕಿಸೆಗೆ ಹಾಕಿಕೊಂಡ. "ಮುತ್ಯಾ, ನೀರು ಮತ್ತ ಯಾವಾಗ ಬರ್ತೈತಿ?"

"ಮಹಾರಾಷ್ಟ್ರದಾಗ ಮಳಿ ಆತಂದ್ರ ಬರ್ತೈತಿ. ಜುಲೈದಾಗ," ಎಂದು ಕಾಕಾ ಹೊಸ್ತಿಲು ದಾಟಿ ಹೊರಬಂದು ಚಪ್ಪಲಿ ಮೆಟ್ಟಿಕೊಂಡರು.