ಕಣಿವೆ ಕೋಡಿ ಬಿತ್ತು

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಮಗನಿಗೆ ಫೋನ್ ಮಾಡಿ, “ಕಣಿವೆ ಕೋಡಿ ಬಿತ್ತು ಕಣೋ” ಅಂದೆ. ಪಕ್ಕದಲ್ಲಿದ್ದ ಸೊಸೆ ಗಾಬರಿಯಾದಳು. “ಅಯ್ಯೋ ಮಾವ, ಡ್ಯಾಮ್ ಬಿತ್ತಾ? ಜನಕ್ಕೆ ಏನೂ ಆಗಿಲ್ಲ ತಾನೆ?” ಅವಳು ಕುಂದಾಪುರದ ಹುಡುಗಿ. ಅವರ ಕಡೆ ಕೋಡಿ ಅಂದರೆ ಹೊಳೆ ಕಡಲಿಗೆ ಸೇರುವಲ್ಲಿ ಚಾಚಿದ ಮರಳ ದಿಬ್ಬ. ಆ ಹೆಸರಿನ ಊರೇ ಇದೆ. ನಮ್ಮ ಹಿರಿಯೂರು ಸೀಮೆಯಲ್ಲಿ ಕೆರೆ ಒಡೆದರೆ ಅನಾಹುತ; ತುಂಬಿ ಹೆಚ್ಚಾದ ನೀರು ಹೊರಗೆ ಹರಿದರೆ, ಅಂದರೆ ಕೋಡಿ ಬಿದ್ದರೆ, ಹಬ್ಬ.

ಕಣಿವೆ ಅಂದರೂ ನಮಗೆ ಬೆಟ್ಟಗಳ ನಡುವಿನ ಸಂದಲ್ಲ, ಅಣೆಕಟ್ಟು. ವೇದಾವತಿಗೆ ಅಡ್ಡಲಾಗಿ ಕಲ್ಲು, ಗಾರೆಯಲ್ಲಿ ಕಟ್ಟಿ 1907ರಲ್ಲಿ ಮುಗಿಸಿದ ಈ ಜಲಾಶಯಕ್ಕೆ ರೀಜೆಂಟ್ ಆಗಿದ್ದ ಮೈಸೂರಿನ ಮಹಾರಾಣಿಯವರ ನೆನಪಿಗೆ ವಾಣಿ ವಿಲಾಸ ಸಾಗರ ಎಂದು ಹೆಸರಾಯಿತು. ಕಾಗದದಲ್ಲಿ ಆ ಹೆಸರು, ಬಾಯಲ್ಲಿ ಮಾರಿಕಣಿವೆ. ನೀರಾವರಿ ಮಾತೇ ಹಾಗೆ. “ಅವರ ಜಮೀನು ಅಚ್ಚುಕಟ್ಟಿನಲ್ಲಿದೆ” ಅಂದರೆ ಒಪ್ಪವಾಗಿದೆ ಎಂದಲ್ಲ, ನಾಲೆ ನೀರು ಹಾಯುತ್ತದೆ ಎಂದು. ಹೆಣ್ಣು ನೋಡಲು ಬಂದವರು ಮೊದಲು ಕೇಳುತ್ತಿದ್ದದ್ದು ಅದನ್ನೇ. ಅತ್ತ ಚಿತ್ರದುರ್ಗದ ಕೋಟೆಯಲ್ಲಿ ಹೊಂಡ ಅಂದರೆ ಕುಡಿಯುವ ನೀರು, ಅಕ್ಕ-ತಂಗಿ ಹೊಂಡ, ಸಿಹಿನೀರು ಹೊಂಡ. ಕೆಳಗಿಳಿದು ರಸ್ತೆಗೆ ಬಂದರೆ ಅದೇ ಹೊಂಡಕ್ಕೆ ಸ್ಕೂಟರ್ ಬೀಳುತ್ತದೆ.

1933ರಲ್ಲಿ ಕಣಿವೆ ಮೊದಲ ಸಲ ಕೋಡಿ ಬಿದ್ದಾಗ ನಮ್ಮಜ್ಜ ಗಾಡಿ ಕಟ್ಟಿಕೊಂಡು ಹೋಗಿ ನೋಡಿ ಬಂದಿದ್ದರಂತೆ. ಆಮೇಲೆ 89 ವರ್ಷ ಆ ಮಾತಿಗೆ ಕೆಲಸವೇ ಇರಲಿಲ್ಲ. ಕೆಲಸವಿಲ್ಲದ ಮಾತು ಸುಮ್ಮನಿರುವುದಿಲ್ಲ, ಬೇರೆ ಕೆಲಸ ಹುಡುಕಿಕೊಳ್ಳುತ್ತದೆ. ನಮ್ಮಪ್ಪ ಅದನ್ನು ಸಾಲಗಾರರಿಗೆ ಬಳಸುತ್ತಿದ್ದರು. “ಯಾವಾಗ ಕೊಡ್ತೀಯಪ್ಪ? ಕಣಿವೆ ಕೋಡಿ ಬಿದ್ದಾಗಲಾ?” ಸಾಲಗಾರ ನಗುತ್ತಿದ್ದ, ಅಪ್ಪನೂ ನಗುತ್ತಿದ್ದರು, ದುಡ್ಡು ಮಾತ್ರ ಬರುತ್ತಿರಲಿಲ್ಲ. ‘ಎಂದೂ ಇಲ್ಲ’ ಎಂಬುದಕ್ಕೆ ನಮ್ಮ ಮನೆಯ ಮಾತು ಅದು. 2022ರಲ್ಲಿ ಭದ್ರಾ ಹೊಳೆಯ ನೀರೂ ಬಂದು, ಮಳೆಯೂ ಹುಯ್ದು ಜಲಾಶಯದ ಮಟ್ಟ ಕೋಡಿಯ 130 ಅಡಿ ದಾಟಿದಾಗ ಅಪ್ಪ ಇರಲಿಲ್ಲ. ಸಾಲಗಾರರೂ ಇರಲಿಲ್ಲ.

ಊರಿಗೆ ಊರೇ ಕೋಡಿ ನೋಡಲು ಹೊರಟಿತು. ತುಂಬಿದ ಕಣಿವೆಗೆ ಬಾಗಿನ ಅರ್ಪಿಸುವ ಮಾತೂ ಎದ್ದಿತು. ಗೌರಿ ಹಬ್ಬಕ್ಕೆ ಹೆಂಗಸರು ಮೊರದಲ್ಲಿ ಬಳೆ, ಅರಿಶಿನ, ಕುಂಕುಮ ಇಟ್ಟು ಕೊಡುವ ಬಾಗಿನ ಈಗ ಮಂತ್ರಿಗಳ ಕೈಗೆ ಬಂದಿದೆ. ಪತ್ರಿಕೆಯಲ್ಲಿ ‘ಬಾಗಿನ’ ಎಂದು ಕಂಡರೆ ಗೌರಿ ನೆನಪಾಗುವುದಿಲ್ಲ, ಪೊಲೀಸ್ ಬಂದೋಬಸ್ತು ನೆನಪಾಗುತ್ತದೆ.

ಅದೇ ಸಂಭ್ರಮದಲ್ಲಿ ಸೋದರಮಾವನಿಗೂ ಫೋನ್ ಮಾಡಿದೆ. ಅವ್ವನ ತವರು ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಹಳ್ಳಿ. “ಕೋಡಿ ಬಿತ್ತಂತಲ್ಲ ಮಾಮ!” ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. “ನಿಮಗೆ ಬಿತ್ತಪ್ಪ. ನಮ್ಮ ತೋಟಕ್ಕೆ ನೀರು ಬಂತು” ಅಂದರು. ನಮ್ಮಲ್ಲಿ ‘ನೀರು ಬಂತು’ ಅಂದರೆ ಗುದ್ದಲಿ ಹಿಡಿದು ಓಡುತ್ತೇವೆ. ಮರುದಿನ ಹೋಗಿ ನೋಡಿದರೆ ತೆಂಗಿನ ಸಾಲು ಮೊಣಕಾಲುದ್ದ ನೀರಿನಲ್ಲಿ ನಿಂತಿತ್ತು. ಪಂಪ್‌ಸೆಟ್ ಮನೆಯ ಹೊಸ್ತಿಲು ಕಾಣುತ್ತಿರಲಿಲ್ಲ. ಮಾವ ದಡದ ಕಡೆಯ ಮರವೊಂದಕ್ಕೆ ದಿನಾ ಬೆಳಗ್ಗೆ ನೀರಿನ ಅಂಚಿಗೆ ಸರಿಯಾಗಿ ಬೆರಳಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದರು. ಹಿಂದಿನ ದಿನದ್ದು ಮುಳುಗಿತ್ತು. ಕೋಡಿಯ ಎತ್ತರ ತಗ್ಗಿಸಿ ಎಂದು ಆ ಹಳ್ಳಿಗಳವರು ಕೇಳುತ್ತಿದ್ದರು. ನಮ್ಮ ಕಡೆ ಅದನ್ನು ಹೇಳಿದರೆ ಜಗಳವಾಗುತ್ತಿತ್ತು. ಕಣ್ಣೀರ ಕೋಡಿ ಎಂದು ಪತ್ರಿಕೆಯವರು ಬರೆಯುವುದು ನನಗೆ ಸವಕಲು ಅನ್ನಿಸುತ್ತಿತ್ತು. ಆ ದಂಡೆಯ ಮೇಲೆ ನಿಂತು ಸವಕಲು ಎಂದು ಹೇಳುವ ಧೈರ್ಯ ಬರಲಿಲ್ಲ.

2025ರ ಜನವರಿಯಲ್ಲಿ ಮತ್ತೆ ತುಂಬಿತು. ಮಗನಿಗೆ ಫೋನ್ ಮಾಡಿದೆ, ಸೊಸೆಯೇ ಎತ್ತಿಕೊಂಡು, “ಕೋಡಿ ಬಿತ್ತಾ ಮಾವ?” ಎಂದು ಕುಣಿದಳು. ಆಮೇಲೆ ಸೋದರಮಾವನಿಗೆ ಮಾಡಿದೆ.

“ಗೆರೆ ಎಲ್ಲಿದೆ ಮಾಮ?”

“ಈ ಸಲ ಇನ್ನೂ ಎಳೆದಿಲ್ಲ. ಸುಣ್ಣ ತರಬೇಕು” ಅಂದರು.