ಹತ್ತು ತಿಂಗಳೊಳಗೆ ಎರಡು ತೀರ್ಪು: ತಾಯಿಗೆ ವಕೀಲರು ಬೇಕೋ ಬೇಡವೋ

ಇವತ್ತಿನ ಕಥೆ ಶುರುವಾಗೋದು ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಡರ್ಹಾಮ್ ಕೌಂಟಿಯ ಜಿಲ್ಲಾ ಕೋರ್ಟಿನಲ್ಲಿ. ದಿನಾಂಕ 1978ರ ಆಗಸ್ಟ್ 31. ಜೈಲಿನಿಂದ ಒಬ್ಬ ತಾಯಿಯನ್ನು ಕರೆತಂದಿದ್ದಾರೆ. ಎದುರಿಗೆ ಕೌಂಟಿಯ ಸಮಾಜ ಸೇವಾ ಇಲಾಖೆ, ಅದರ ಪರವಾಗಿ ವಕೀಲರು. ಈಕೆಯ ಪಕ್ಕದಲ್ಲಿ ಯಾರೂ ಇಲ್ಲ. ಇಲಾಖೆ ಕೇಳುತ್ತಿರೋದು ಇಷ್ಟು: ಈಕೆಯ ಗಂಡುಮಗುವಿಗೂ ಈಕೆಗೂ ಇರುವ ಕಾನೂನು ಸಂಬಂಧವನ್ನು ಶಾಶ್ವತವಾಗಿ ಕಡಿದುಹಾಕಿ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮಲ್ಲಿ ಮಕ್ಕಳ ಕಸ್ಟಡಿ ಕೇಸು ಅಂದ ತಕ್ಷಣ ಗಂಡ ಹೆಂಡತಿ ಜಗಳವೇ ನೆನಪಾಗುತ್ತೆ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ ಕೆಳಗೆ ನಡೆಯೋ ಹೆಚ್ಚಿನ ವ್ಯಾಜ್ಯಗಳೂ ಅಂಥವೇ, ಮಗು ಅಪ್ಪನ ಹತ್ತಿರ ಇರಬೇಕೋ ಅಮ್ಮನ ಹತ್ತಿರವೋ ಅನ್ನೋದು. ನಾನು ಇವತ್ತು ಹೇಳ್ತಿರೋದು ಬೇರೆ. ಇದರಲ್ಲಿ ಒಂದು ಕಡೆ ಹೆತ್ತವರು, ಇನ್ನೊಂದು ಕಡೆ ಸರ್ಕಾರ. ಅಮೆರಿಕದಲ್ಲಿರುವ ನಮ್ಮ ಮನೆಗಳಲ್ಲಿ ‘ಸಿಪಿಎಸ್’ ಅನ್ನೋ ಮೂರಕ್ಷರಕ್ಕೆ ಇರುವ ಭಯ ಇದೆಯಲ್ಲ, ಅದರ ಬೇರು ಇಲ್ಲಿದೆ. ‘ಹಕ್ಕು ರದ್ದು’ ಅಂತ ಕೋರ್ಟ್ ಹೇಳಿಬಿಟ್ಟರೆ ಮಗುವನ್ನು ನೋಡೋಕೆ ಹೋಗುವ ಹಕ್ಕಿಲ್ಲ, ಬೇರೆಯವರು ದತ್ತು ತಗೊಂಡರೆ ಬೇಡ ಅನ್ನುವ ಹಕ್ಕಿಲ್ಲ. ಕಾನೂನಿನ ಕಣ್ಣಿಗೆ ಹೆತ್ತವಳು ಅಪರಿಚಿತೆ.

ಡರ್ಹಾಮ್‌ಗೆ ವಾಪಸ್ ಬರೋಣ. ಈ ತಾಯಿ ಪಾಪದ ಹೆಂಗಸು ಅಂತ ನಾನು ಹೇಳೋದಿಲ್ಲ. 1975ರಲ್ಲಿ ಮಗು ಇನ್ನೂ ಕೈಗೂಸು, ಸರಿಯಾಗಿ ವೈದ್ಯಕೀಯ ಆರೈಕೆ ಮಾಡಿಸಲಿಲ್ಲ ಅಂತ ಕೋರ್ಟ್ ಅದನ್ನು ಇಲಾಖೆಯ ವಶಕ್ಕೆ ಕೊಟ್ಟಿತ್ತು. ಮರುವರ್ಷ ಈಕೆಯ ಮೇಲೆ ಕೊಲೆ ಆರೋಪ ಬಂತು, ಎರಡನೇ ದರ್ಜೆಯ ಕೊಲೆ ಅಂತ ಸಾಬೀತಾಗಿ 25ರಿಂದ 40 ವರ್ಷ ಶಿಕ್ಷೆ ಆಯಿತು. 1975ರ ಡಿಸೆಂಬರ್‌ನಿಂದ ಮಗುವಿನ ಸಂಪರ್ಕವೇ ಇಲ್ಲ ಅನ್ನೋದು ಇಲಾಖೆಯ ದೂರು. ಕೊಲೆ ಕೇಸಿಗೆ ಈಕೆಯ ತಾಯಿ ಒಬ್ಬ ವಕೀಲರನ್ನು ಇಟ್ಟಿದ್ದರು, ಆದರೆ ಈ ವಿಚಾರಣೆಯ ಸುದ್ದಿಯನ್ನು ಈಕೆ ಅವರಿಗೆ ಹೇಳಿರಲೇ ಇಲ್ಲ. ವಕೀಲರನ್ನು ಹುಡುಕಿಕೊಳ್ಳೋಕೆ ಬೇಕಾದಷ್ಟು ಸಮಯ ಇತ್ತಲ್ಲ ಅಂದರು ನ್ಯಾಯಾಧೀಶರು. ವಿಚಾರಣೆ ನಡೆಯಿತು.

ಇಲಾಖೆಯ ಕಡೆಯಿಂದ ಸೋಷಿಯಲ್ ವರ್ಕರ್ ಒಬ್ಬರು ಸಾಕ್ಷಿ ಹೇಳಿದರು. ಪಾಟೀಸವಾಲು ಮಾಡು ಅಂತ ತಾಯಿಗೆ ಹೇಳಿದರು. ಪಾಟೀಸವಾಲು ಅಂದರೆ ಏನು ಅಂತ ಆಕೆಗೆ ಹೇಗೆ ಗೊತ್ತಿರಬೇಕು? ಪ್ರಶ್ನೆ ಕೇಳೋ ಬದಲು ತನ್ನ ಮಾತು ಹೇಳಿಕೊಳ್ಳುತ್ತಾ ಹೋದಳು. ಪ್ರಶ್ನೆ ಕೇಳು, ಹೇಳಿಕೆ ಕೊಡಬೇಡ ಅಂತ ನ್ಯಾಯಾಧೀಶರು ತಡೆದರು. ಯಾರೋ ಹೇಳಿದ್ದು ಯಾರೋ ಕೇಳಿದ್ದು, ಅಂಥ ಮಾತುಗಳೂ ಸಾಕ್ಷ್ಯ ಅಂತ ದಾಖಲಾದವು. ಆಕ್ಷೇಪ ಎತ್ತೋಕೆ ಯಾರೂ ಇರಲಿಲ್ಲ. ಆಕೆಯ ಬೇಡಿಕೆ ದೊಡ್ಡದೇನೂ ಅಲ್ಲ. ಉಳಿದ ನಾಲ್ಕು ಮಕ್ಕಳು ಅಜ್ಜಿ ಹತ್ತಿರ ಇದ್ದಾರೆ, ಇವನನ್ನೂ ಅಲ್ಲಿಗೇ ಕೊಡಿ ಅಂತ. ಕೋರ್ಟ್ ಒಪ್ಪಲಿಲ್ಲ. ಹಕ್ಕು ರದ್ದು.

ಕೇಸು ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಯಿತು. ‘ಲ್ಯಾಸಿಟರ್’ ಪ್ರಕರಣ ಅಂತ ಅದರ ಹೆಸರು. ಪ್ರಶ್ನೆ ಒಂದೇ: ವಕೀಲರನ್ನು ಇಟ್ಟುಕೊಳ್ಳಲು ಕೈಲಾಗದ ತಾಯಿಗೆ ಸರ್ಕಾರ ವಕೀಲರನ್ನು ಕೊಡಲೇಬೇಕಾ? ಕ್ರಿಮಿನಲ್ ಕೇಸಿನಲ್ಲಿ ಕೊಡಲೇಬೇಕು ಅಂತ 1963ರ ಗಿಡಿಯನ್ ತೀರ್ಪು ಹೇಳಿಯಾಗಿತ್ತು. 1981ರ ಜೂನ್ 1ರಂದು ಉತ್ತರ ಬಂತು. ಐದಕ್ಕೆ ನಾಲ್ಕು ಮತ. ಕೊಡಲೇಬೇಕು ಅಂತಿಲ್ಲ. ಜಸ್ಟಿಸ್ ಪಾಟರ್ ಸ್ಟುವರ್ಟ್ ಬರೆದ ತೀರ್ಪಿನ ತರ್ಕ ಹೀಗಿದೆ: ಜೈಲಿಗೆ ಹೋಗುವ ಅಪಾಯ ಇದ್ದಾಗ ಮಾತ್ರ ವಕೀಲರ ಹಕ್ಕು ತಾನಾಗಿ ಹುಟ್ಟುತ್ತೆ, ಮಗುವನ್ನು ಕಳೆದುಕೊಳ್ಳುವ ಕೇಸಿನಲ್ಲಿ ಆಯಾ ನ್ಯಾಯಾಧೀಶರೇ ಒಂದೊಂದು ಪ್ರಕರಣ ನೋಡಿ ತೀರ್ಮಾನಿಸಲಿ. ಈ ತಾಯಿಗೆ ವಕೀಲರಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ ಅಂತಲೂ ಬರೆದರು. ವಕೀಲರೇ ಇಲ್ಲದೆ ತಯಾರಾದ ದಾಖಲೆಯನ್ನು ಓದಿ, ವಕೀಲರಿದ್ದರೂ ಏನೂ ಆಗ್ತಿರಲಿಲ್ಲ ಅಂತ ಹೇಳೋದು ನನಗಂತೂ ಸರಿ ಕಾಣೋದಿಲ್ಲ. ಜಸ್ಟಿಸ್ ಹ್ಯಾರಿ ಬ್ಲ್ಯಾಕ್‌ಮನ್ ಭಿನ್ನಮತದ ತೀರ್ಪು ಬರೆದರು. ಅವರ ಹೆಸರು ನೆನಪಿಟ್ಟುಕೊಳ್ಳಿ.

ನ್ಯಾಯ ಅನ್ನಬೇಕಾದರೆ ಒಂದು ಮಾತು ಸೇರಿಸಬೇಕು. ಆ ಹೊತ್ತಿಗೇ 33 ರಾಜ್ಯಗಳು ಮತ್ತು ರಾಜಧಾನಿ ವಾಷಿಂಗ್ಟನ್ ತಮ್ಮ ಕಾನೂನಿನಲ್ಲೇ ವಕೀಲರನ್ನು ಕೊಡುತ್ತಿದ್ದವು. ಸಂವಿಧಾನ ಬಲವಂತ ಮಾಡದಿದ್ದರೂ ಕೊಡೋದು ಜಾಣತನ ಅಂತ ಸ್ಟುವರ್ಟ್ ಕೂಡ ಒಪ್ಪಿದ್ದರು. ನಾರ್ತ್ ಕ್ಯಾರೊಲಿನಾ ಸಹ ಆಮೇಲೆ ಕಾನೂನು ಮಾಡಿತು.

ಈಗ ಎರಡನೇ ಕೇಸು. ಜಾಗ ನ್ಯೂಯಾರ್ಕ್ ರಾಜ್ಯದ ಅಲ್‌ಸ್ಟರ್ ಕೌಂಟಿ. ಹೆಸರು ‘ಸ್ಯಾಂಟೋಸ್ಕಿ’. 1973ರ ನವೆಂಬರ್‌ನಲ್ಲಿ ಒಂದು ದಂಪತಿಯ ಹೆಣ್ಣುಮಗುವನ್ನು ಇಲಾಖೆ ಕರೆದೊಯ್ಯಿತು. ಸುಮಾರು ಹತ್ತು ತಿಂಗಳ ನಂತರ ಗಂಡುಮಗುವನ್ನು. ಅವನನ್ನು ಕರೆದೊಯ್ದ ದಿನವೇ ತಾಯಿಗೆ ಮೂರನೇ ಹೆರಿಗೆ. ಮೂರು ದಿನದ ಆ ಕೂಸನ್ನೂ ಫಾಸ್ಟರ್ ಮನೆಗೆ, ಅಂದರೆ ಸರ್ಕಾರ ಗೊತ್ತುಮಾಡಿದ ಸಾಕುಮನೆಗೆ ಕಳಿಸಿದರು. ಕಾರಣ ಇರಲಿಲ್ಲ ಅಂತಲ್ಲ. ಹುಡುಗಿಯ ತೊಡೆಮೂಳೆ ಮುರಿದಿತ್ತು, ಮಕ್ಕಳ ಮೈಮೇಲೆ ಗಾಯಗಳಿದ್ದವು. ಓದುವಾಗ ಹೊಟ್ಟೆ ಕಿವುಚುತ್ತೆ. 1978ರ ಅಕ್ಟೋಬರ್‌ನಲ್ಲಿ ಇಲಾಖೆ ಮೂರೂ ಮಕ್ಕಳ ಮೇಲಿನ ಹಕ್ಕು ರದ್ದು ಮಾಡಿ ಅಂತ ಅರ್ಜಿ ಹಾಕಿತು.

ಇಲ್ಲಿ ಹೆತ್ತವರಿಗೆ ವಕೀಲರಿದ್ದರು. ನ್ಯೂಯಾರ್ಕ್ ಕಾನೂನು ಅದನ್ನು ಕೊಟ್ಟಿತ್ತು. ಜಗಳ ಬಂದಿದ್ದು ಸಾಕ್ಷ್ಯದ ತೂಕದ ಬಗ್ಗೆ. ಕೋರ್ಟಿನಲ್ಲಿ ಮೂರು ಅಳತೆಗಳಿವೆ. ಸಾಲ, ಜಮೀನಿನ ಸಿವಿಲ್ ವ್ಯಾಜ್ಯದಲ್ಲಿ ತಕ್ಕಡಿ ಯಾವ ಕಡೆಗೆ ಕೂದಲೆಳೆಯಷ್ಟು ವಾಲಿದರೂ ಸಾಕು, ಆ ಕಡೆ ಗೆದ್ದ ಹಾಗೆ. ಕ್ರಿಮಿನಲ್ ಕೇಸಿನಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಆಗಬೇಕು. ಇವೆರಡರ ಮಧ್ಯೆ ಇನ್ನೊಂದಿದೆ, ‘ಸ್ಪಷ್ಟ ಮತ್ತು ಮನವರಿಕೆಯಾಗುವಂಥ’ ಸಾಕ್ಷ್ಯ. ನ್ಯೂಯಾರ್ಕ್‌ನಲ್ಲಿ ಮಕ್ಕಳನ್ನು ಶಾಶ್ವತವಾಗಿ ಬೇರೆ ಮಾಡೋಕೆ ಮೊದಲನೆಯದೇ ಸಾಕಾಗಿತ್ತು, ಕೂದಲೆಳೆಯ ತೂಕ.

ಒಂದು ಸಂಗತಿ ಕೇಳಿ. ಆ ಮೂರು ಮಕ್ಕಳು ಹೋದ ಮೇಲೆ ದಂಪತಿಗೆ ಇನ್ನೂ ಎರಡು ಮಕ್ಕಳಾದವು. ಅವನ್ನು ಇಲಾಖೆ ಮುಟ್ಟಲಿಲ್ಲ, ಮನೆಯಲ್ಲೇ ಬೆಳೆಯುತ್ತಿದ್ದವು. ಸುಪ್ರೀಂ ಕೋರ್ಟಿನಲ್ಲಿ ವಾದ ನಡೆಯುವಾಗ ಸರ್ಕಾರಿ ವಕೀಲರಿಗೆ ಕೇಳಿದರು: ಹಾಗಾದರೆ ಇವರು ದೊಡ್ಡ ಮೂವರನ್ನು ಸಾಕೋಕೆ ಅಯೋಗ್ಯರು, ಚಿಕ್ಕ ಇಬ್ಬರನ್ನು ಸಾಕೋಕೆ ಅಯೋಗ್ಯರಲ್ಲ, ಇದೇನಾ ನಿಮ್ಮ ವಾದ? ವಕೀಲರು ಹೌದು ಅಂದರು. ತೀರ್ಪಿನ ಅಡಿಟಿಪ್ಪಣಿಯಲ್ಲಿ ಇದು ಹಾಗೇ ದಾಖಲಾಗಿದೆ.

1982ರ ಮಾರ್ಚ್ 24. ಮತ್ತೆ ಐದಕ್ಕೆ ನಾಲ್ಕು. ಈ ಸಲ ಗೆದ್ದಿದ್ದು ಹೆತ್ತವರು, ತೀರ್ಪು ಬರೆದಿದ್ದು ಅದೇ ಬ್ಲ್ಯಾಕ್‌ಮನ್. ಆದರ್ಶ ಪೋಷಕರಲ್ಲ ಅನ್ನೋ ಕಾರಣಕ್ಕೆ ಅವರ ಹಕ್ಕು ಆವಿಯಾಗಿ ಹೋಗಲ್ಲ, ಕನಿಷ್ಠ ಮಧ್ಯದ ಅಳತೆಯಾದರೂ ಬೇಕು ಅಂದರು. ಅವರು ಕೊಟ್ಟ ಕಾರಣ ನನಗೆ ಬಹಳ ಮುಖ್ಯ ಅನ್ನಿಸುತ್ತೆ. ಮಗು ಫಾಸ್ಟರ್ ಮನೆಯಲ್ಲಿದ್ದಾಗ ಅಪ್ಪ ಅಮ್ಮ ಎಷ್ಟು ಸಲ ಭೇಟಿಯಾಗಬಹುದು ಅಂತ ನಿರ್ಧರಿಸೋದು ಇಲಾಖೆ. ಭೇಟಿ ಹೇಗಾಯಿತು ಅಂತ ಫೈಲಿನಲ್ಲಿ ಬರೆಯೋದೂ ಇಲಾಖೆ. ಆಮೇಲೆ ಅದೇ ಫೈಲು ಸಾಕ್ಷ್ಯ. ಇನ್ನೊಂದು ಕಡೆ ಇರೋರು ಹೆಚ್ಚಾಗಿ ಬಡವರು, ಓದು ಕಡಿಮೆ ಇರೋರು, ಅಲ್ಪಸಂಖ್ಯಾತರು. ವರ್ಗ ಮತ್ತು ಸಂಸ್ಕೃತಿಯ ಪೂರ್ವಗ್ರಹ ನುಸುಳೋಕೆ ಬಾಗಿಲು ತೆರೆದೇ ಇರುತ್ತೆ.

ಜಸ್ಟಿಸ್ ವಿಲಿಯಂ ರೆನ್‌ಕ್ವಿಸ್ಟ್ ಭಿನ್ನಮತ ಬರೆದರು. ನ್ಯೂಯಾರ್ಕ್ ವಕೀಲರನ್ನು ಕೊಟ್ಟಿದೆ, ವರ್ಷಗಟ್ಟಲೆ ಸಹಾಯ ಮಾಡಿದೆ, ಇಡೀ ವ್ಯವಸ್ಥೆ ನೋಡಿ, ಒಂದು ಅಳತೆಗೋಲನ್ನು ಮಾತ್ರ ಹಿಡಿದು ಜಗ್ಗಬೇಡಿ ಅಂತ. ಗಾಯಗಳ ವಿವರ ಪೂರ್ತಿ ಇರೋದೂ ಅವರ ಬರಹದಲ್ಲೇ. ತಪ್ಪಾಗಿ ಮಗುವನ್ನು ಕಿತ್ತುಕೊಳ್ಳೋದರಷ್ಟೇ, ತಪ್ಪಾಗಿ ಅದನ್ನು ಅತಂತ್ರವಾಗಿ ಇಡೋದೂ ದುಬಾರಿ ಅನ್ನೋ ಅವರ ಮಾತನ್ನು ತಳ್ಳಿಹಾಕೋಕೆ ಆಗಲ್ಲ. ಅಂದ ಹಾಗೆ ದಂಪತಿ ಯೋಗ್ಯರು ಅಂತ ಸುಪ್ರೀಂ ಕೋರ್ಟ್ ಹೇಳಲೇ ಇಲ್ಲ. ಹೊಸ ಅಳತೆಯಲ್ಲಿ ಮತ್ತೆ ತೂಗಿ ಅಂತ ಕೇಸನ್ನು ಕೆಳಗೆ ಕಳಿಸಿತು.

ಹತ್ತು ತಿಂಗಳೊಳಗೆ ಏನು ಬದಲಾಯಿತು? ಎರಡೂ ತೀರ್ಪು ಬಳಸಿದ ಸೂತ್ರ ಒಂದೇ, 1976ರ ಮ್ಯಾಥ್ಯೂಸ್ ಪ್ರಕರಣದ್ದು: ವ್ಯಕ್ತಿ ಕಳೆದುಕೊಳ್ಳೋದು ಎಷ್ಟು, ತಪ್ಪಾಗುವ ಸಾಧ್ಯತೆ ಎಷ್ಟು, ಸರ್ಕಾರಕ್ಕೆ ಬೀಳುವ ಹೊರೆ ಎಷ್ಟು. ಸ್ಟುವರ್ಟ್ ನಿವೃತ್ತರಾಗಿ ಸ್ಯಾಂಡ್ರಾ ಡೇ ಓಕಾನರ್ ಬಂದಿದ್ದರು, ಆದರೆ ಅವರೂ ಹೆತ್ತವರ ವಿರುದ್ಧವೇ ಮತ ಹಾಕಿದರು. ಕಡೆ ಬದಲಿಸಿದ್ದು ಒಬ್ಬರೇ, ಜಸ್ಟಿಸ್ ಲೂಯಿಸ್ ಪವೆಲ್. ಅವರೊಬ್ಬರ ಮತದಿಂದ ಅಮೆರಿಕದ ಕಾನೂನು ಒಂದು ವಿಚಿತ್ರ ಭಂಗಿಯಲ್ಲಿ ನಿಂತುಬಿಟ್ಟಿತು. ಇಲಾಖೆ ಭಾರವಾದ ಸಾಕ್ಷ್ಯ ತರಲೇಬೇಕು; ಆ ಸಾಕ್ಷ್ಯ ಟೊಳ್ಳು ಅಂತ ತೋರಿಸಿಕೊಡುವ ವಕೀಲರು ಮಾತ್ರ ಸಂವಿಧಾನದ ಪ್ರಕಾರ ಇರಲೇಬೇಕು ಅಂತಿಲ್ಲ. ತೂಕ ಕಟ್ಟುನಿಟ್ಟು, ಆದರೆ ತಕ್ಕಡಿ ಹಿಡಿದವರನ್ನು ಪ್ರಶ್ನಿಸೋಕೆ ಜನ ಇಲ್ಲ. ಲ್ಯಾಸಿಟರ್ ತೀರ್ಪು ಇವತ್ತಿಗೂ ರದ್ದಾಗಿಲ್ಲ.

ಇದರ ಇನ್ನೊಂದು ಮಗ್ಗುಲು 1989ರಲ್ಲಿ ಬಂತು, ವಿಸ್ಕಾನ್ಸಿನ್‌ನ ವಿನ್ನೆಬೇಗೊ ಕೌಂಟಿಯ ‘ಡೆಶೇನಿ’ ಪ್ರಕರಣ. ಅಪ್ಪ ಹೊಡೀತಾನೆ ಅಂತ ಇಲಾಖೆಗೆ ಮತ್ತೆ ಮತ್ತೆ ದೂರು. ಒಮ್ಮೆ ಆಸ್ಪತ್ರೆಯಲ್ಲಿ ಮಗುವನ್ನು ತಾತ್ಕಾಲಿಕ ವಶಕ್ಕೆ ತಗೊಂಡು, ಸಾಕಷ್ಟು ಸಾಕ್ಷ್ಯ ಇಲ್ಲ ಅಂತ ಅಪ್ಪನಿಗೇ ಒಪ್ಪಿಸಿದರು. ಆಮೇಲೆ ಮನೆಗೆ ಹೋಗಿ ಬಂದ ಸೋಷಿಯಲ್ ವರ್ಕರ್ ಕಂಡ ಗಾಯಗಳನ್ನೆಲ್ಲ ಫೈಲಿನಲ್ಲಿ ಬರೆದರು, ಬರೆದಿದ್ದಷ್ಟೇ. 1984ರ ಮಾರ್ಚ್‌ನಲ್ಲಿ ನಾಲ್ಕು ವರ್ಷದ ಆ ಹುಡುಗ ಏಟು ತಿಂದು ಕೋಮಾಕ್ಕೆ ಹೋದ, ಮಿದುಳಿಗೆ ಶಾಶ್ವತ ಹಾನಿ. ಆರಕ್ಕೆ ಮೂರು ಮತದಲ್ಲಿ ಕೋರ್ಟ್ ಹೇಳಿತು: ಸಂವಿಧಾನ ಸರ್ಕಾರದ ಕೈ ಕಟ್ಟುತ್ತೆ, ಖಾಸಗಿ ವ್ಯಕ್ತಿಯ ಹಿಂಸೆಯಿಂದ ಕಾಪಾಡು ಅಂತ ಅದಕ್ಕೆ ಆಜ್ಞೆ ಮಾಡಲ್ಲ. ತೀರ್ಪು ರೆನ್‌ಕ್ವಿಸ್ಟ್ ಅವರದ್ದು. ಬ್ಲ್ಯಾಕ್‌ಮನ್ ಮತ್ತೆ ಭಿನ್ನಮತ, ಆ ಹುಡುಗನ ಹೆಸರು ಹಿಡಿದು ಮರುಗಿ ಬರೆದ ನಾಲ್ಕು ಸಾಲು.

ಕೊನೆಗೆ ಮಿಸಿಸಿಪ್ಪಿಯ ಒಂದು ಕೇಸು, ಚುಟುಕಾಗಿ. ವಿಚ್ಛೇದನ ಆದ ತಾಯಿ. ಮಾಜಿ ಗಂಡನ ಹೊಸ ಹೆಂಡತಿ ಇಬ್ಬರು ಮಕ್ಕಳನ್ನು ದತ್ತು ತಗೊಳ್ಳೋಕೆ ದಾರಿ ಮಾಡಿಕೊಟ್ಟು, ಕೋರ್ಟ್ ಹೆತ್ತವಳ ಹಕ್ಕು ರದ್ದು ಮಾಡಿತ್ತು. ಇದರಲ್ಲಿ ಇಲಾಖೆ ಇಲ್ಲ, ಕಡಿದುಹಾಕಿದ್ದು ಮಾತ್ರ ಅದೇ ಸಂಬಂಧ. ಆಕೆ ಮೇಲ್ಮನವಿಯ 100 ಡಾಲರ್ ಶುಲ್ಕ ಕಟ್ಟಿದಳು. ವಿಚಾರಣೆಯ ದಾಖಲೆ ತಯಾರಿಸೋಕೆ 2,352 ಡಾಲರ್ 36 ಸೆಂಟ್ ಆಗುತ್ತೆ ಅಂದರು. ಅಷ್ಟು ದುಡ್ಡು ಇರಲಿಲ್ಲ, ಮಿಸಿಸಿಪ್ಪಿಯ ಕೋರ್ಟ್ ಮೇಲ್ಮನವಿಯನ್ನೇ ವಜಾ ಮಾಡಿತು. 1996ರ ಡಿಸೆಂಬರ್‌ನಲ್ಲಿ ಜಸ್ಟಿಸ್ ರೂತ್ ಬೇಡರ್ ಗಿನ್ಸ್‌ಬರ್ಗ್ ಬರೆದ ತೀರ್ಪು, ಆರಕ್ಕೆ ಮೂರು: ದುಡ್ಡಿಲ್ಲ ಅಂತ ಮೇಲ್ಮನವಿಯ ಬಾಗಿಲು ಮುಚ್ಚೋ ಹಾಗಿಲ್ಲ. ದಾಖಲೆ ಪುಕ್ಕಟೆ ಸಿಕ್ಕಿತು. ವಕೀಲರ ಪ್ರಶ್ನೆ 1981ರಲ್ಲಿ ಎಲ್ಲಿತ್ತೋ ಅಲ್ಲೇ ಉಳಿಯಿತು.

ಮುಂದಿನ ಕಂತಿನಲ್ಲಿ ಅಮೆರಿಕದ ಮೂಲನಿವಾಸಿ ಮಕ್ಕಳ 1978ರ ಕಾಯ್ದೆ. ಅವರ ವಿಷಯದಲ್ಲಿ ಸಂಸತ್ತು ಮಧ್ಯದ ಅಳತೆಯನ್ನೂ ದಾಟಿ, ಕ್ರಿಮಿನಲ್ ಕೇಸಿನ ಅಳತೆಯನ್ನೇ ಯಾಕೆ ಇಟ್ಟಿತು ಅಂತ ಮಾತಾಡೋಣ.