ರಾಷ್ಟ್ರಪತಿ ಅಭ್ಯರ್ಥಿಯ ಆಯ್ಕೆ ಮತ್ತು ಅಸ್ಮಿತೆ: ಗಾಜಿನ ಮನೆಯಿಂದ ರೈಸಿನಾ ಗುಡ್ಡದವರೆಗೆ

1969ರ ಮೇ 3ರಂದು ರಾಷ್ಟ್ರಪತಿ ಜಾಕೀರ್ ಹುಸೇನ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಮುಂದಿನ ಅಭ್ಯರ್ಥಿ ಯಾರೆಂಬ ಜಗ್ಗಾಟಕ್ಕೆ ಆ ಜುಲೈನಲ್ಲಿ ಬೆಂಗಳೂರೇ ಅಖಾಡವಾಯಿತು. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ. ಕಾಂಗ್ರೆಸ್ಸಿನ ಅಧ್ಯಕ್ಷಗಿರಿ ನಮ್ಮ ಎಸ್. ನಿಜಲಿಂಗಪ್ಪನವರದು. ಸಂಸದೀಯ ಮಂಡಳಿಯ ಮುಂದೆ ಇಂದಿರಾ ಗಾಂಧಿ ಜಗಜೀವನ್ ರಾಮ್ ಅವರ ಹೆಸರಿಟ್ಟರು. ಗಾಂಧಿ ಜನ್ಮಶತಾಬ್ದಿಯ ವರ್ಷದಲ್ಲಿ ದಲಿತರೊಬ್ಬರು ಆ ಪೀಠವೇರಲಿ ಎಂಬ ಮಾತನ್ನು ಬಹಿರಂಗವಾಗಿ ತಳ್ಳಿಹಾಕುವುದು ಯಾರಿಗೂ ಸುಲಭವಿರಲಿಲ್ಲ. ಆದರೂ ಮಂಡಳಿಯ ಬಹುಮತ ನೀಲಂ ಸಂಜೀವ ರೆಡ್ಡಿಯವರ ಪರ ಬಿತ್ತು. ಇಂದಿರಾ 'ಆತ್ಮಸಾಕ್ಷಿಯ ಮತ'ದ ಮಾತೆತ್ತಿದರು. ಎರಡನೇ ಪ್ರಾಶಸ್ತ್ಯದ ಮತಗಳ ಎಣಿಕೆಯ ನಂತರ, ಸ್ವತಂತ್ರ ಅಭ್ಯರ್ಥಿಯಾಗಿ ನಿಂತಿದ್ದ ವಿ.ವಿ. ಗಿರಿ 4,20,077 ಮತಮೌಲ್ಯದೊಂದಿಗೆ ಗೆದ್ದರು, ರೆಡ್ಡಿಯವರಿಗೆ ಸಿಕ್ಕಿದ್ದು 4,05,427. ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ ಹೋಳಾಯಿತು.

ಜಾಕೀರ್ ಹುಸೇನರ 1967ರ ಆಯ್ಕೆಯಲ್ಲೂ ಅಸ್ಮಿತೆಯ ಪ್ರಶ್ನೆ ಇತ್ತು. ಆದರೆ ಎದುರಾಳಿಯ ಕೈಕಟ್ಟಲೆಂದೇ ಒಂದು ಸಮುದಾಯದ ಹೆಸರನ್ನು ಮುಂದೆ ಮಾಡುವ ತಂತ್ರ ಕಣ್ಣಿಗೆ ಹೊಡೆದಂತೆ ಕಂಡದ್ದು ಬೆಂಗಳೂರಿನಲ್ಲೇ ಎಂದು ನಾನು ತಿಳಿಯುತ್ತೇನೆ. ಅಲ್ಲಿ ಮಂಡಳಿಯ ಮುಂದೆ ಸೋತ ಈ ತಂತ್ರ ಮುಂದೆ ಫಲಿಸಲು ಕಾರಣ ಚುನಾವಣೆಯ ಸ್ವರೂಪದಲ್ಲಿದೆ. ಮತದಾರರು ಚುನಾಯಿತ ಸಂಸದರು, ಶಾಸಕರು ಮಾತ್ರ. ಮತ ಗುಪ್ತ, ವಿಪ್ ಇಲ್ಲ. ಹಾಗಾಗಿ ಅಭ್ಯರ್ಥಿಯ ಜಾತಿ, ಭಾಷೆ, ಪ್ರಾಂತ್ಯಗಳು ಎದುರು ಪಾಳೆಯದ ಗೋಡೆಯಲ್ಲಿ ಬಿರುಕು ಹುಡುಕುತ್ತವೆ. 2007ರಲ್ಲಿ ಎನ್‌ಡಿಎಯಲ್ಲಿದ್ದ ಶಿವಸೇನೆ ಮರಾಠಿ ಹೆಣ್ಣುಮಗಳೆಂದು ಪ್ರತಿಭಾ ಪಾಟೀಲರಿಗೆ ಮತ ಕೊಟ್ಟಿತು. 2022ರಲ್ಲಿ ಕಾಂಗ್ರೆಸ್ ಜೊತೆಗೂಡಿ ಜಾರ್ಖಂಡ್ ಆಳುತ್ತಿದ್ದ ಜೆಎಂಎಂ, ವಿರೋಧ ಪಕ್ಷಗಳ ಅಭ್ಯರ್ಥಿಯಾಗಿದ್ದ ಅದೇ ರಾಜ್ಯದ ಯಶವಂತ ಸಿನ್ಹಾರನ್ನು ಬಿಟ್ಟು ಎನ್‌ಡಿಎ ಅಭ್ಯರ್ಥಿ, ಸಂತಾಲ ಸಮುದಾಯದ ದ್ರೌಪದಿ ಮುರ್ಮು ಅವರ ಕೈ ಹಿಡಿಯಿತು. ನಮ್ಮ ಜೆಡಿಎಸ್ ಕೂಡ ಅತ್ತಲೇ ವಾಲಿತು.

ಇದೆಲ್ಲ ಬರೀ ಸಂಕೇತ ಎಂದು ಮೂಗು ಮುರಿಯುವವರು ಕೆ.ಆರ್. ನಾರಾಯಣನ್ ಅವರನ್ನು ನೆನೆಯಬೇಕು. 1997ರಲ್ಲಿ ಸುಮಾರು ಶೇಕಡಾ 95ರಷ್ಟು ಮತಮೌಲ್ಯ ಪಡೆದು ಗೆದ್ದ ಈ ಮೊದಲ ದಲಿತ ರಾಷ್ಟ್ರಪತಿ, ಅದೇ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ಮೇಲೆ ರಾಷ್ಟ್ರಪತಿ ಆಳ್ವಿಕೆ ಹೇರುವ ಸಂಪುಟದ ಶಿಫಾರಸನ್ನು ಮರುಪರಿಶೀಲನೆಗೆ ಹಿಂದಿರುಗಿಸಿದರು. ಪಕ್ಷಗಳು ಹೆಸರನ್ನು ಆರಿಸಬಹುದು. ಆ ಪೀಠದಲ್ಲಿ ಕೂತವರು ಹೇಗೆ ನಡೆದುಕೊಳ್ಳುತ್ತಾರೆಂಬುದು ಪಕ್ಷಗಳ ಹಿಡಿತಕ್ಕೆ ಸಿಗುವುದಿಲ್ಲ.

ಎರಡೂ ಪಾಳೆಯಗಳು ಅಸ್ಮಿತೆಯ ಒಂದೇ ಅಸ್ತ್ರ ಹಿಡಿದಾಗ ಮಾತ್ರ ಅದರ ಮೊನೆ ಮೊಂಡಾಗುತ್ತದೆ. 2017ರಲ್ಲಿ ಎನ್‌ಡಿಎ ರಾಮನಾಥ ಕೋವಿಂದರನ್ನು ಹೆಸರಿಸಿದೊಡನೆ ವಿರೋಧ ಪಕ್ಷಗಳೂ ದಲಿತ ಅಭ್ಯರ್ಥಿಯನ್ನೇ ತಂದವು. ಕೋವಿಂದರಿಗೆ 7,02,044 ಮತಮೌಲ್ಯ, ಎದುರಾಳಿಗೆ 3,67,314. ಸೋತ ಆ ಅಭ್ಯರ್ಥಿ ಮೀರಾ ಕುಮಾರ್. ಅವರು ಜಗಜೀವನ್ ರಾಮ್ ಅವರ ಮಗಳು. ತಂದೆಯ ಹೆಸರು ಬೆಂಗಳೂರಿನಲ್ಲಿ ಬಿದ್ದುಹೋಗಿ ಆಗ 48 ವರ್ಷಗಳಾಗಿದ್ದವು.